ಕಾಯಿಲೆಯ ಮಗು ಚಿತ್ರ ಬಿಡಿಸುವಾಗ: ಪಕ್ಕದಲ್ಲಿ ಕೂರುವವರಿಗೆ ಒಂದು ಕೈಪಿಡಿ

ಥಲಸ್ಸೀಮಿಯಾ, ಟೈಪ್ 1 ಮಧುಮೇಹ, ರಕ್ತದ ಕ್ಯಾನ್ಸರ್, ನೆಫ್ರೋಟಿಕ್ ಸಿಂಡ್ರೋಮ್, ಹಿಮೊಫಿಲಿಯಾ, ಆಸ್ತಮಾ. ಹೆಸರು ಯಾವುದೇ ಇರಲಿ, ವರ್ಷಗಟ್ಟಲೆ ಬಿಡದೆ ಜೊತೆಗಿರುವ ಕಾಯಿಲೆಯ ಮಗುವಿಗೆ ಬೆಳಗಿನಿಂದ ರಾತ್ರಿಯವರೆಗೆ ಪ್ರಶ್ನೆಗಳು. ನೋವಿದೆಯಾ? ಊಟ ಸೇರ್ತಾ? ಮೋಷನ್ ಆಯ್ತಾ? ಮಾತ್ರೆ ನುಂಗಿದ್ಯಾ? ಎಲ್ಲಕ್ಕೂ ಒಂದೇ ಪದದ ಉತ್ತರ ಸಾಕು. ಮಗು ಬಲುಬೇಗ ಲೆಕ್ಕ ಹಾಕಿಬಿಡುತ್ತದೆ: "ಏನಿಲ್ಲ" ಅಂದರೆ ಅಮ್ಮನಿಗೆ ಸಮಾಧಾನ, "ಇದೆ" ಅಂದರೆ ಇನ್ನೊಂದು ಸೂಜಿ. ಹೀಗಾಗಿ ಎಷ್ಟೋ ಮಕ್ಕಳು ತಮ್ಮ ಕಾಯಿಲೆಯ ಬಗ್ಗೆ ಮಾತಾಡುವುದನ್ನೇ ಬಿಟ್ಟಿರುತ್ತಾರೆ. ಮನೆಯವರು "ನಮ್ಮ ಮಗು ತುಂಬಾ ಧೈರ್ಯಸ್ಥ" ಎಂದುಕೊಂಡಿರುತ್ತಾರೆ.

ಹಾಳೆ, ಬಣ್ಣ ಕೊಟ್ಟಾಗ ಮಾತ್ರ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿ ಮೊದಲು ಶುರು ಮಾಡುವುದು ಮಗು, ದೊಡ್ಡವರಲ್ಲ. ಈ ಕೈಪಿಡಿ ಅಪ್ಪ-ಅಮ್ಮ, ಅಜ್ಜಿ-ತಾತ, ವಾರ್ಡಿನ ಸಿಸ್ಟರ್, ಶಾಲೆಯ ಟೀಚರು, ಆಸ್ಪತ್ರೆಗೆ ಸ್ವಯಂಸೇವಕರಾಗಿ ಹೋಗುವವರು ಇವರಿಗಾಗಿ. ಇದು ಆರ್ಟ್ ಥೆರಪಿಯ ಪಾಠವಲ್ಲ. ಆ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರು. ಕ್ಷಯ ಹಿಡಿದು ಸ್ಯಾನಟೋರಿಯಂ ಸೇರಿದಾಗ ಹಾಸಿಗೆಯಲ್ಲೇ ಚಿತ್ರ ಬಿಡಿಸುತ್ತಾ, ಆಮೇಲೆ ಅಕ್ಕಪಕ್ಕದ ರೋಗಿಗಳ ಕೈಗೂ ಪೆನ್ಸಿಲ್ ಕೊಟ್ಟವರು ಅವರು. ಇಂದು ಅದಕ್ಕೆ ತರಬೇತಿ ಬೇಕು. ನಾವು ಮಾಡಬೇಕಾದ್ದು ಅದಕ್ಕಿಂತ ಸಣ್ಣದು: ಪಕ್ಕದಲ್ಲಿ ಕೂರುವುದು, ಕೇಳುವುದು, ಅರ್ಥ ಕಟ್ಟುವ ಕೆಲಸಕ್ಕೆ ಹೋಗದಿರುವುದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಗೆರೆ ಇಲ್ಲದ ಬಿಳಿ ಹಾಳೆ, ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡು, ದಪ್ಪನೆಯ ಕ್ರೇಯಾನ್, ಒಂದು ಪೆನ್ಸಿಲ್. ಆಸ್ಪತ್ರೆಯ ಮಂಚದ ಮೇಲೆ ಕ್ರೇಯಾನ್ ಉರುಳಿ ಬೀಳುತ್ತಲೇ ಇರುತ್ತದೆ, ಅದಕ್ಕೆ ಊಟದ ಡಬ್ಬಿಯ ಮುಚ್ಚಳದಲ್ಲಿಟ್ಟು ಕೊಡಿ. ರಬ್ಬರ್ ಬೇಡ ಎನ್ನುವುದು ನನ್ನ ಪಕ್ಷಪಾತ. ರಬ್ಬರ್ ಕೈಗೆ ಸಿಕ್ಕಿದರೆ ಎಂಟು ವರ್ಷದ ಮಗು ಅರ್ಧ ಗಂಟೆ ಒಂದೇ ಕಿವಿಯನ್ನು ಅಳಿಸಿ ಬರೆಯುತ್ತಾ ಕೂರುತ್ತದೆ. ಆದರೆ ಮಗು ಕೇಳಿದರೆ ಕೊಟ್ಟುಬಿಡಿ.

ಇನ್ನು ಕಾಯಿಲೆಗೆ ತಕ್ಕಂತೆ ಎಚ್ಚರ. ಇದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೀಮೋ ನಡೆಯುತ್ತಿರುವ ಮಗುವಿಗೆ ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಸೋಂಕಿನ ಭಯ. ವಾರ್ಡಿನಲ್ಲಿ ಹತ್ತು ಕೈ ದಾಟಿ ಬಂದ ಬಣ್ಣದ ಡಬ್ಬಿ ಅದಕ್ಕೆ ಬೇಡ. ಹೆಸರು ಬರೆದ ಸ್ವಂತ ಡಬ್ಬಿ ಇರಲಿ, ಶುರು ಮಾಡುವ ಮುಂಚೆ ಎಲ್ಲರೂ ಕೈ ತೊಳೆಯಲಿ. ಮಣ್ಣಿನಲ್ಲಿ ಶಿಲೀಂಧ್ರ ಇರುವುದರಿಂದ ಜೇಡಿಮಣ್ಣಿನ ಆಟವನ್ನೂ ಆಗ ದೂರ ಇಡಿ. ವಾಕರಿಕೆ ಇದ್ದರೆ ಸ್ಕೆಚ್ ಪೆನ್ನಿನ ವಾಸನೆಯೇ ಸಾಕು ವಾಂತಿಗೆ, ಕ್ರೇಯಾನ್ ವಾಸಿ. ವಿಂಕ್ರಿಸ್ಟಿನ್ ಎಂಬ ಔಷಧ ನರಗಳ ಮೇಲೆ ಪರಿಣಾಮ ಮಾಡಿ ಕೈಯ ಹಿಡಿತವನ್ನೇ ಸಡಿಲಗೊಳಿಸಬಲ್ಲದು. ಹಿಂದೆ ಚೆನ್ನಾಗಿ ಬಿಡಿಸುತ್ತಿದ್ದ ಮಗು ಈಗ ಸೊಟ್ಟ ಗೆರೆ ಎಳೆದರೆ ಅದು ಮನಸ್ಸಿನದ್ದಲ್ಲ, ಬೆರಳಿನದ್ದು. ಕ್ರೇಯಾನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ, ಹಿಡಿತ ಸಡಿಲವಾದದ್ದನ್ನು ಡಾಕ್ಟರಿಗೂ ಹೇಳಿ.

ಹಿಮೊಫಿಲಿಯಾ ಇರುವ, ಅಥವಾ ಪ್ಲೇಟ್‌ಲೆಟ್ ಕಡಿಮೆ ಇರುವ ಮಗುವಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಅದರ ಕೈಗೆ ಮೆಂಡರ್, ಕತ್ತರಿ ಕೊಡಬೇಡಿ. ಮೆಂಡರಿನ ಬ್ಲೇಡು ಸಣ್ಣದೇ, ಆದರೂ ಪೆನ್ಸಿಲ್ ಚೂಪು ಮಾಡುವ ಕೆಲಸ ನಿಮ್ಮದಾಗಲಿ. ಆಸ್ತಮಾ ಇದ್ದರೆ ಬಳಪ, ಸೀಮೆಸುಣ್ಣ, ರಂಗೋಲಿ ಪುಡಿ ಬೇಡ. ಮಧುಮೇಹದ ಮಗುವಿಗೆ ದಿನಕ್ಕೆ ಹಲವು ಸಲ ಬೆರಳ ತುದಿ ಚುಚ್ಚುತ್ತೀರಿ. ಚಿತ್ರ ಬಿಡಿಸುವ ಕೈಯನ್ನು ಬಿಟ್ಟು ಇನ್ನೊಂದು ಕೈಯ ಬೆರಳಿಗೆ ಚುಚ್ಚಿ. ಕೀಲುವಾತದ ಮಕ್ಕಳಿಗೆ ಬೆಳಗ್ಗೆ ಎದ್ದಾಗ ಬೆರಳು ಬಿಗಿದಿರುತ್ತದೆ, ಬಿಸಿಲು ಏರಿದ ಮೇಲೆ ಕೂರಿಸಿ. ಅಡ್ಮಿಟ್ ಆಗುವಾಗಲೇ ಸಿಸ್ಟರಿಗೆ ಒಂದು ಮಾತು ಹೇಳಿ: "ಇವಳು ಬಲಗೈಲಿ ಬರೆಯೋದು, ಅದಕ್ಕೆ ಡ್ರಿಪ್ಪಿನ ಕ್ಯಾನುಲಾ ಎಡಗೈಗೆ ಹಾಕಿ." ರಕ್ತನಾಳ ಸಿಗದಿದ್ದರೆ ಅವರೂ ಏನೂ ಮಾಡಲಾಗದು. ಸಿಕ್ಕರೆ ಖಂಡಿತ ಹಾಕುತ್ತಾರೆ.

ಹೊತ್ತು ನೋಡಿ ಕೂರಿಸಿ

ಸೂಜಿ ಚುಚ್ಚುವ ಹೊತ್ತಿಗೆ ಹಾಳೆ ಹಿಡಿದು ನಿಲ್ಲಬೇಡಿ. "ಚುಚ್ಚಿಸಿಕೊಂಡರೆ ಕಲರ್ ಡಬ್ಬಿ ಕೊಡಿಸ್ತೀನಿ" ಎಂಬ ಲಂಚವೂ ಬೇಡ. ಕ್ರೇಯಾನ್ ಕಂಡರೆ ಸೂಜಿ ನೆನಪಾಗುವಂತಾಗುತ್ತದೆ. ಕಾಯುವ ಹೊತ್ತೇ ಒಳ್ಳೆಯದು. ಥಲಸ್ಸೀಮಿಯಾ ಮಕ್ಕಳ ಡೇ ಕೇರ್ ವಾರ್ಡಿನಲ್ಲಿ ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಆಗಿ ರಕ್ತ ಬರುವವರೆಗೆ ಕಾಯಬೇಕು, ಬಂದ ಮೇಲೆ ಒಂದು ಬ್ಯಾಗ್ ಇಳಿಯಲು ಮೂರು ನಾಲ್ಕು ಗಂಟೆ. ಇಡೀ ದಿನ ಅಲ್ಲೇ ಕಳೆಯುತ್ತದೆ. ಟಿವಿಯನ್ನೋ ಮೊಬೈಲನ್ನೋ ಪೂರ್ತಿ ಕಿತ್ತುಕೊಳ್ಳಬೇಕಿಲ್ಲ, ಅರ್ಧ ಗಂಟೆ ಪಕ್ಕಕ್ಕಿಟ್ಟರೆ ಸಾಕು.

ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಹಸಿವು ಜೋರು, ಸಿಟ್ಟೂ ಜೋರು. ಹೊಟ್ಟೆ ತುಂಬಿರುವಾಗ ಕೂರಿಸಿ. ಬೇಡ ಎಂದರೆ ಬೇಡ. ಈ ಮಕ್ಕಳ ದಿನದಲ್ಲಿ "ಬೇಡ" ಎನ್ನಲು ಅವಕಾಶ ಇರುವ ಕೆಲಸ ಬಹಳ ಕಡಿಮೆ, ಇದಾದರೂ ಅಂಥದ್ದಾಗಿರಲಿ.

ಏನು ಬಿಡಿಸು ಅನ್ನಬೇಕು?

ಮೊದಮೊದಲು ಏನೂ ಅನ್ನಬೇಡಿ. "ನಿಂಗೆ ಇಷ್ಟ ಬಂದದ್ದು" ಎಂದರೆ ನಮ್ಮ ಕಡೆಯ ಮಕ್ಕಳು ಏನು ಬಿಡಿಸುತ್ತಾರೆಂದು ಎಲ್ಲರಿಗೂ ಗೊತ್ತು: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗಿಳಿಯುವ ಹೊಳೆ, ಒಂದು ತೆಂಗಿನ ಮರ, ಹೆಂಚಿನ ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದನ್ನು ನೋಡಿ ಬೇಸರಿಸಬೇಡಿ. ಅದು ಮಗುವಿಗೆ ಕಣ್ಣು ಮುಚ್ಚಿ ಬರುವ ಚಿತ್ರ, ತಪ್ಪಾಗದ ಚಿತ್ರ. ಹೊಸಬರ ಮುಂದೆ ಯಾರೂ ಮೊದಲ ದಿನವೇ ಮನಸ್ಸಿನ ಮಾತು ಆಡುವುದಿಲ್ಲ. ನಾಲ್ಕಾರು ಬೆಟ್ಟಗಳು ಬಂದುಹೋದ ಮೇಲೆ ಒಂದು ದಿನ ಆ ಮನೆಯ ಮುಂದೆ ಆಂಬುಲೆನ್ಸ್ ನಿಂತಿದ್ದರೂ ನಿಲ್ಲಬಹುದು.

ಆಮೇಲೆ ಬಾಗಿಲು ತೆರೆಯುವಂಥ ಒಂದೊಂದು ಮಾತು ಕೊಡಬಹುದು. ನನಗೆ ಹೆಚ್ಚು ಫಲ ಕೊಟ್ಟವು ಇವು: "ಆಸ್ಪತ್ರೆಗೆ ಬರೋ ದಿನ ಬೆಳಗ್ಗೆಯಿಂದ ಏನೇನಾಗುತ್ತೆ, ತೋರಿಸು." "ನಿನ್ನ ಕಾಯಿಲೆಗೆ ಮುಖ ಇದ್ದಿದ್ರೆ ಹೇಗಿರ್ತಿತ್ತು?" "ನಿನ್ನ ದೇಹದ ಒಳಗೆ ಈಗ ಏನು ನಡೀತಾ ಇದೆ?" ಹಾಳೆಯನ್ನು ನಡುವೆ ಮಡಚಿ, ಒಂದು ಕಡೆ ಒಳ್ಳೆಯ ದಿನ, ಇನ್ನೊಂದು ಕಡೆ ಕೆಟ್ಟ ದಿನ. ಸ್ವಲ್ಪ ದೊಡ್ಡ ಮಕ್ಕಳಿಗೆ ಆರು ಚೌಕ ಎಳೆದುಕೊಟ್ಟು ಕಾಮಿಕ್ಸ್ ಮಾಡಲು ಹೇಳಿ. ಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಹುಬ್ಬಳ್ಳಿಗೋ ಬರುವ ಮಕ್ಕಳಿಗೆ ಆ ಪ್ರಯಾಣವೇ ಕಾಯಿಲೆಯ ಅರ್ಧ ಭಾಗ. ಬಸ್ಸು ಬಿಡಿಸಲು ಹೇಳಿದರೆ ಸಾಕು, ಕಥೆ ತಾನಾಗಿ ಬರುತ್ತದೆ.

"ನಿನ್ನ ದುಃಖ ಬಿಡಿಸು" ಎಂಬ ಮಾತು ಮಾತ್ರ ಬೇಡ. ದುಃಖ ಇದೆ ಎಂದು ನೀವೇ ತೀರ್ಮಾನಿಸಿದಂತಾಯಿತು.

ಬಿಡಿಸುವಾಗ ಬಾಯಿಗೆ ಬೀಗ

ಎದುರಿಗೆ ಕೂತರೆ ಪರೀಕ್ಷೆ ಬರೆಸಿದಂತೆ. ಪಕ್ಕದಲ್ಲಿ ಕೂತು ನೀವೂ ಒಂದು ಹಾಳೆ ತೆಗೆದುಕೊಂಡು ಏನಾದರೂ ಗೀಚಿ. ನಿಮ್ಮ ಚಿತ್ರ ಕೆಟ್ಟದಾಗಿದ್ದರೆ ಇನ್ನೂ ಒಳ್ಳೆಯದು. "ಆನೆಗೆ ಸೊಂಡಿಲು ಹಾಗಿರಲ್ಲ ಪುಟ್ಟಾ", "ಕೂದಲಿಗೆ ಕಪ್ಪು ಬಣ್ಣ ಹಚ್ಚು" ಎಂಬ ತಿದ್ದುಪಡಿಗಳೆಲ್ಲ ಬೇಡ. ಕೀಮೋದಲ್ಲಿ ಕೂದಲು ಉದುರಿದ ಹುಡುಗಿ ತನ್ನ ಚಿತ್ರಕ್ಕೆ ಮಂಡಿಯವರೆಗೆ ಜಡೆ ಹಾಕಿದರೆ ಅದು ಹಾಗೇ ಇರಲಿ. ಬೋಳು ತಲೆ ಬಿಡಿಸಿದರೂ ಹಾಗೇ ಇರಲಿ.

"ಸೂಪರ್", "ವೆರಿ ಗುಡ್" ಎನ್ನುವುದೂ ಒಂದು ಬಗೆಯ ಮಾರ್ಕ್ಸೇ. ಚೆಂದದ ಚಿತ್ರಕ್ಕೆ ಹೊಗಳಿಕೆ ಸಿಗುತ್ತದೆಂದು ಗೊತ್ತಾದರೆ ಮುಂದಿನ ಸಲ ಮತ್ತೆ ಬೆಟ್ಟ-ಸೂರ್ಯವೇ. ಅದರ ಬದಲು ಕಂಡದ್ದನ್ನು ಹೇಳಿ: "ಇಲ್ಲಿ ತುಂಬಾ ಒತ್ತಿ ಹಚ್ಚಿದೀಯ", "ಈ ಮೂಲೆ ಖಾಲಿ ಬಿಟ್ಟಿದೀಯ". ಹೇಳಿ ಸುಮ್ಮನಿರಿ. ನವೆಂಬರ್ 14ಕ್ಕೆ ವಾರ್ಡುಗಳಲ್ಲಿ ಚಿತ್ರಕಲಾ ಸ್ಪರ್ಧೆ ಇಟ್ಟು ಮೊದಲ ಬಹುಮಾನ, ಎರಡನೆಯ ಬಹುಮಾನ ಹಂಚುವ ಪದ್ಧತಿ ಉಂಟಲ್ಲ, ಅದನ್ನು ನಿಲ್ಲಿಸಿದರೆ ಮಕ್ಕಳಿಗೆ ಉಪಕಾರವಾದೀತು. ಡ್ರಿಪ್ ಹಾಕಿಸಿಕೊಂಡು ಚಿತ್ರ ಬಿಡಿಸಿದ ಮಗುವಿಗೆ ಸಮಾಧಾನಕರ ಬಹುಮಾನ ಕೊಡುವುದನ್ನು ಯಾರು ಕಂಡುಹಿಡಿದರೋ!

ಬಿಡಿಸಿಯಾದ ಮೇಲೆ ಕೇಳುವುದು

ಮೊದಲ ಪ್ರಶ್ನೆ "ಇದೇನು?" ಅಲ್ಲ. ಎಷ್ಟೋ ಮಕ್ಕಳಿಗೆ ಅದು "ಗೊತ್ತಾಗ್ತಿಲ್ಲ, ಚೆನ್ನಾಗಿಲ್ಲ" ಎಂದು ಕೇಳಿಸುತ್ತದೆ. "ಇದರ ಬಗ್ಗೆ ಹೇಳ್ತೀಯಾ?" ಅನ್ನಿ. ಒಂದು ಚಿತ್ರದ ಮಾತನ್ನು ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ. ಡೇ ಕೇರ್ ವಾರ್ಡಿನಲ್ಲಿ ರಕ್ತ ಹಾಕಿಸಿಕೊಳ್ಳಲು ಬಂದಿದ್ದ, ಎರಡನೆಯ ತರಗತಿಯ ವಯಸ್ಸಿನ ಹುಡುಗಿ. ಮಂಚ ಸಣ್ಣದು, ಅದರ ಪಕ್ಕ ಛಾವಣಿ ಮುಟ್ಟುವ ಸ್ಟ್ಯಾಂಡು, ಮೇಲೆ ಬ್ಯಾಗು. ಬ್ಯಾಗಿನಿಂದ ಕೆಂಪು ಗೆರೆಯೊಂದು ಇಳಿದು ಕೈಗೆ ಬಾರದೆ ಸೀದಾ ಹೊಟ್ಟೆಗೆ ಹೋಗಿತ್ತು.

"ಇದರ ಬಗ್ಗೆ ಹೇಳ್ತೀಯಾ?"

"ಇದು ನಾನು. ಇದು ಬ್ಯಾಗು."

"ಈ ಕೆಂಪು ಗೆರೆ ಎಲ್ಲಿಗೆ ಹೋಗ್ತಾ ಇದೆ?"

"ಟ್ಯಾಂಕಿಗೆ."

"ಟ್ಯಾಂಕು ಎಲ್ಲಿದೆ?"

ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. "ಸಿಸ್ಟರ್ ಬಂದು ಸಿರಿಂಜಲ್ಲಿ ತಗೊಂಡು ಹೋಗ್ತಾರಲ್ಲ ಆಂಟಿ, ಅದಕ್ಕೇ ಖಾಲಿ ಆಗೋದು. ಅವರು ತಗೊಳ್ದೇ ಇದ್ರೆ ನಾವು ಬಸ್ಸಲ್ಲಿ ಬರೋದೇ ಬೇಡ."

ಅವಳು ಸ್ಯಾಂಪಲ್ ತೆಗೆಯುವಾಗ ಕಿರುಚಾಡುತ್ತಿದ್ದಳು, ರಕ್ತ ಹಾಕುವಾಗ ಸುಮ್ಮನಿರುತ್ತಿದ್ದಳು. ಎರಡೂ ಸೂಜಿಯೇ. ಮನೆಯವರು ಸೂಜಿಯ ಭಯ ಎಂದುಕೊಂಡು "ನೋವಾಗಲ್ಲ ಚಿನ್ನಾ" ಎನ್ನುತ್ತಲೇ ಇದ್ದರು. ಅವಳ ತಕರಾರು ನೋವಿನದ್ದಲ್ಲ, ಕಳ್ಳತನದ್ದು! ಸಿಸ್ಟರ್ ಬೇರೊಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದರು: ತೆಗೆಯುವುದು ಕೆಲವೇ ಮಿಲಿಲೀಟರ್, ಈ ಬ್ಯಾಗಿನ ರಕ್ತ ನಿನಗೆ ಹೊಂದುತ್ತಾ ಇಲ್ಲವಾ ಅಂತ ನೋಡೋಕೆ. ಮತ್ತೆ ಮತ್ತೆ ಬರಬೇಕಾಗಿರುವುದು ಯಾಕೆಂದರೆ ನಿನ್ನ ದೇಹ ಮಾಡುವ ಕೆಂಪು ರಕ್ತಕಣ ಗಟ್ಟಿಯಿಲ್ಲ, ಬೇಗ ಒಡೆದುಹೋಗುತ್ತೆ. ಬೇರೆಯವರು ಕೊಟ್ಟ ಕಣಕ್ಕೂ ಹೆಚ್ಚೆಂದರೆ 120 ದಿನದ ಆಯಸ್ಸು.

ಇದರಲ್ಲಿ ಎರಡು ಕ್ರಮಗಳಿವೆ. ಒಂದು, ಪ್ರಶ್ನೆಗಳೆಲ್ಲ ಹಾಳೆಯ ಮೇಲಿದ್ದ ಗೆರೆಯ ಬಗ್ಗೆಯೇ ಇದ್ದವು, "ನಿಂಗೆ ಭಯ ಆಗುತ್ತಾ?" ಎಂದು ಯಾರೂ ಕೇಳಲಿಲ್ಲ. ಚಿತ್ರದೊಳಗಿನ ಹುಡುಗಿಯ ಬಗ್ಗೆ ಮಾತಾಡುವುದು ತನ್ನ ಬಗ್ಗೆ ಮಾತಾಡುವುದಕ್ಕಿಂತ ಸುಲಭ. ಎರಡು, ತಿಳಿವಳಿಕೆ ತಿದ್ದಿದ್ದು ಬೇರೆ ಹಾಳೆಯ ಮೇಲೆ. ಮಗುವಿನ ಚಿತ್ರದ ಮೇಲೆ ನಿಮ್ಮ ಪೆನ್ನು ಓಡಬಾರದು.

ಇಂಥ ತಪ್ಪು ತಿಳಿವಳಿಕೆ ಚಿತ್ರಗಳಲ್ಲಿ ಸಾಕಷ್ಟು ಸಿಗುತ್ತದೆ. ಟೈಪ್ 1 ಮಧುಮೇಹದ ಮಗು ಚಾಕ್ಲೇಟಿನ ರಾಶಿಯ ಮುಂದೆ ಅಳುತ್ತಾ ನಿಂತ ತನ್ನನ್ನೇ ಬಿಡಿಸಬಹುದು. ನೆಂಟರು ಯಾರೋ "ಸಿಹಿ ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತು" ಅಂದದ್ದು ಕಿವಿಗೆ ಬಿದ್ದಿರುತ್ತದೆ. ಟೈಪ್ 1 ಸಿಹಿ ತಿಂದು ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶಮಾಡಿರುತ್ತದೆ. "ನಿನ್ನ ತಪ್ಪಲ್ಲ" ಎಂದು ಒಂದು ಸಲ ಹೇಳಿದರೆ ಸಾಲದು, ಆ ನೆಂಟರ ಮುಂದೆಯೂ ಹೇಳಿ.

ಮಗು ಹೇಳಿದ್ದನ್ನು ಹಾಳೆಯ ಹಿಂದೆ ಬರೆದಿಡಿ, ಅದರ ಮಾತಿನಲ್ಲೇ. ರಾಯಚೂರಿನ ಹುಡುಗ "ನಂಗ ಸೂಜಿ ಅಂದ್ರ ಸಿಟ್ಟು ಬರ್ತೈತಿ" ಅಂದರೆ "ನನಗೆ ಸೂಜಿ ಎಂದರೆ ಕೋಪ ಬರುತ್ತದೆ" ಎಂದು ತಿದ್ದಬೇಡಿ. ತಾರೀಖು ಹಾಕಿ. ಆ ದಿನ ಕೀಮೋ ಇತ್ತೋ, ಜ್ವರ ಇತ್ತೋ, ಒಂದು ಸಾಲು ಸೇರಿಸಿ.

ಅರ್ಥ ಹುಡುಕುವ ಚಟ

ಕಪ್ಪು ಬಣ್ಣ ಅಂದರೆ ಖಿನ್ನತೆ, ಕಿಟಕಿ ಇಲ್ಲದ ಮನೆ ಅಂದರೆ ಒಂಟಿತನ, ಕೈ ಇಲ್ಲದ ಮನುಷ್ಯ ಅಂದರೆ ಅಸಹಾಯಕತೆ ಎಂಬ ಫಾರ್ವರ್ಡುಗಳು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತವೆ. ನಂಬಬೇಡಿ. ಮಕ್ಕಳ ಚಿತ್ರವನ್ನು ಅಳತೆಗೋಲು ಮಾಡುವ ಪ್ರಯತ್ನಕ್ಕೆ ದೊಡ್ಡ ಇತಿಹಾಸವೇ ಇದೆ. 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ ಮಕ್ಕಳಿಂದ ಮನುಷ್ಯನ ಚಿತ್ರ ಬರೆಸಿ ಬುದ್ಧಿಮಟ್ಟ ಅಳೆಯುವ ಪರೀಕ್ಷೆ ರೂಪಿಸಿದರು. ಅದರ ಹಿಂದೆಯೇ ಚಿತ್ರದಿಂದ ಸ್ವಭಾವ, ಮನಸ್ಥಿತಿ ಹೇಳುವ ಪರೀಕ್ಷೆಗಳೂ ಬಂದವು. ಆದರೆ ಈ ಗುರುತಿಗೆ ಈ ಅರ್ಥ ಎಂಬ ಬಗೆಯ ಓದು ಸಂಶೋಧನೆಯಲ್ಲಿ ಗಟ್ಟಿಯಾಗಿ ನಿಂತಿಲ್ಲ.

ಕಪ್ಪು ಬಣ್ಣ ಹಚ್ಚಿದ್ದಕ್ಕೆ ಕಾರಣ ಉಳಿದ ಕ್ರೇಯಾನ್ ಮುರಿದುಹೋಗಿರುವುದೂ ಆಗಿರಬಹುದು. ಡಾಕ್ಟರಿಗೆ ಬಾಯಿ ಬಿಡಿಸದಿದ್ದರೆ ಅವರು ಮಾಸ್ಕ್ ಹಾಕಿರುತ್ತಾರೆ. ಅಪ್ಪ ಚಿತ್ರದಲ್ಲಿ ಇಲ್ಲದಿದ್ದರೆ ಅಟೆಂಡರ್ ಪಾಸ್ ಒಬ್ಬರಿಗೆ ಮಾತ್ರ, ಅಪ್ಪ ಗೇಟಿನ ಹೊರಗೆ ಕೂತಿದ್ದಾರೆ. ಕೇಳಿದರೆ ಗೊತ್ತಾಗುತ್ತದೆ, ಊಹಿಸಿದರೆ ಇಲ್ಲದ ಸಂಕಟವೊಂದನ್ನು ಮನೆಗೆ ಹೊತ್ತುಕೊಂಡು ಹೋಗುತ್ತೀರಿ.

ವಯಸ್ಸಿನ ಲೆಕ್ಕವೂ ಇದೆ. ಎರಡು ಮೂರು ವರ್ಷಕ್ಕೆ ಬರೀ ಗೀಚು. ಮೂರು ನಾಲ್ಕಕ್ಕೆ ತಲೆಗೇ ಕಾಲು ಹುಟ್ಟಿರುತ್ತದೆ, ಹೊಟ್ಟೆ ಇರುವುದಿಲ್ಲ. ಅದು ಕಾಯಿಲೆಯ ಗುರುತಲ್ಲ, ಲೋಕದ ಮಕ್ಕಳೆಲ್ಲ ಹಾಗೇ ಬಿಡಿಸುತ್ತಾರೆ. ಐದರಿಂದ ಏಳರ ಹೊತ್ತಿಗೆ ಗೋಡೆಯಾಚೆಯದ್ದೂ ಹೊಟ್ಟೆಯೊಳಗಿನದ್ದೂ ಕಾಣುವ ಚಿತ್ರಗಳು ಬರುತ್ತವೆ. ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಿಗೆ ಗೊತ್ತಿರುವುದನ್ನು ಬಿಡಿಸುವ ವಯಸ್ಸು ಅದು, ದೇಹದ ಒಳಗಿನ ಕಥೆ ಕೇಳಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಂಬತ್ತು ಹತ್ತರ ನಂತರ "ನಂಗೆ ಡ್ರಾಯಿಂಗ್ ಬರಲ್ಲ" ಶುರು. ಅವರಿಗೆ ಕಾಮಿಕ್ಸ್, ನಕ್ಷೆ, ಫೋಟೋ ಮೇಲೆ ಗೀಚುವುದು, ಹದಿಹರೆಯದವರಿಗೆ ಮೀಮ್. ಶುಗರ್ ಬರೆಯುವ ಡೈರಿಯಲ್ಲಿ ಪ್ರತಿ ದಿನದ ಅಂಕಿಯ ಪಕ್ಕ ಒಂದು ಪುಟ್ಟ ಚೌಕ ಬಿಟ್ಟು, ಆ ದಿನದ ಮೂಡ್ ಅದರಲ್ಲಿ ಗೀಚಲು ಹೇಳುವುದು ದೊಡ್ಡ ಮಕ್ಕಳಿಗೆ ಒಗ್ಗುತ್ತದೆ.

ನೋವಿನ ನಕ್ಷೆ: ಡಾಕ್ಟರಿಗೂ ಬೇಕಾಗುವ ಚಿತ್ರ

ನೋವು ಎಲ್ಲಿದೆ, ಎಷ್ಟಿದೆ ಎಂದು ಹೇಳಲು ಬಣ್ಣಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಜೋಆನ್ ಈಲಂಡ್ ಎಂಬ ಅಮೆರಿಕದ ನರ್ಸ್ ರೂಪಿಸಿದ ವಿಧಾನ ಸುಲಭದ್ದು. ಮನುಷ್ಯನ ಆಕಾರವನ್ನು ಮುಂದಿನಿಂದ ಒಂದು, ಹಿಂದಿನಿಂದ ಒಂದು ಬಿಡಿಸಿಕೊಳ್ಳಿ. ತುಂಬಾ ನೋವು, ಮಧ್ಯಮ ನೋವು, ಸ್ವಲ್ಪ ನೋವು, ನೋವೇ ಇಲ್ಲ ಎಂಬ ನಾಲ್ಕಕ್ಕೆ ನಾಲ್ಕು ಬಣ್ಣವನ್ನು ಮಗುವೇ ಆರಿಸಲಿ. ಕೆಂಪೇ ನೋವಾಗಬೇಕೆಂದಿಲ್ಲ. ಆಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಎಂದು ಆ ಬಣ್ಣ ಹಚ್ಚಲಿ. ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಹಿಂಬದಿಯಿಂದ ಅಂಟಿಸಿ, ಮಗುವನ್ನೇ ಅದರ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದರೆ ಮನೆಯಲ್ಲಿ ಅದೇ ದೊಡ್ಡ ಆಟ. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್), ಕೀಲುವಾತ, ಹಿಮೊಫಿಲಿಯಾದಂತೆ ನೋವು ಜಾಗ ಬದಲಿಸುವ ಕಾಯಿಲೆಗಳಲ್ಲಿ ತಾರೀಖು ಹಾಕಿದ ನಾಲ್ಕು ಇಂಥ ನಕ್ಷೆಗಳು "ಆಗಾಗ ನೋವು ಅಂತಾನೆ ಡಾಕ್ಟ್ರೇ" ಎಂಬ ಮಾತಿಗಿಂತ ಹೆಚ್ಚು ಹೇಳುತ್ತವೆ.

ಆಸ್ಪತ್ರೆಯ ಗೋಡೆಯ ಮೇಲೆ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳ ಪಟ್ಟಿ ನೋಡಿರಬಹುದು. ಡೋನಾ ವಾಂಗ್ ಮತ್ತು ಕಾನಿ ಬೇಕರ್ ಅದನ್ನು 1980ರ ದಶಕದಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ರೂಪಿಸಿದ್ದು ಮಕ್ಕಳ ಕೈಗೇ ಖಾಲಿ ವೃತ್ತಗಳನ್ನು ಕೊಟ್ಟು, ನೋವಿನ ಮುಖಗಳನ್ನು ಅವರಿಂದಲೇ ಬರೆಸಿ. ನೀವೂ ಮನೆಯಲ್ಲಿ ಬಳೆ ಇಟ್ಟು ಆರು ವೃತ್ತ ಎಳೆದುಕೊಡಿ, ಮಗು ತನ್ನದೇ ಮುಖಗಳನ್ನು ತುಂಬಲಿ. ಒಂದು ಎಚ್ಚರ: ಮಗುವಿನ ಮುಖ ನೋಡಿ ನೀವು ಪಟ್ಟಿಯಲ್ಲಿ ಬೆರಳು ಇಡುವುದಲ್ಲ. ನಗುತ್ತಾ ಆಡುತ್ತಿರುವ ಮಗು ಅಳುವ ಮುಖ ತೋರಿಸಿದರೆ ಅದೇ ಉತ್ತರ.

ತಲೆನೋವಿನ ಮಕ್ಕಳ ಬಗ್ಗೆ 2002ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದಿದೆ. 226 ಮಕ್ಕಳಿಗೆ, ವಿಚಾರಣೆ ಶುರು ಮಾಡುವ ಮೊದಲೇ, ತಲೆನೋವು ಬಂದಾಗ ಹೇಗಿರುತ್ತದೆಂದು ಬಿಡಿಸಲು ಹೇಳಿದರು. ಸುತ್ತಿಗೆಯ ಹೊಡೆತ, ಕಣ್ಣ ಮುಂದಿನ ಚುಕ್ಕಿಗಳು, ವಾಂತಿ, ಕತ್ತಲೆ ಕೋಣೆಯಲ್ಲಿ ಮಲಗಿದ್ದು ಇಂಥವನ್ನು ನೋಡಿ ಮೈಗ್ರೇನ್ ಹೌದೋ ಅಲ್ಲವೋ ಎಂದು ಬೇರೆ ತಜ್ಞರು ಹೇಳಿದರು. ಪರೀಕ್ಷೆ ಮಾಡಿ ಮೈಗ್ರೇನ್ ಎಂದು ತೀರ್ಮಾನಿಸಿದ್ದ ಮಕ್ಕಳಲ್ಲಿ ಶೇ. 93ರಷ್ಟು ಮಂದಿಯ ಚಿತ್ರವೂ ಅದನ್ನೇ ಹೇಳಿತ್ತು. ಮೇಲೆ ಅರ್ಥ ಹುಡುಕಬೇಡಿ ಎಂದು ಹೇಳಿ ಈಗ ಇದನ್ನು ಹೇಳುತ್ತಿದ್ದೀರಲ್ಲ ಎಂದು ಕೇಳಬಹುದು. ವ್ಯತ್ಯಾಸ ಇದೆ. ಅಲ್ಲಿ ಕೇಳಿದ್ದು ನೇರ ಪ್ರಶ್ನೆ, ಮಗು ಬಿಡಿಸಿದ್ದು ನೇರ ಉತ್ತರ. ವಾಂತಿಯ ಚಿತ್ರಕ್ಕೆ ವಾಂತಿ ಎಂದೇ ಅರ್ಥ.

ಸಾವು ಹಾಳೆಯ ಮೇಲೆ ಬಂದಾಗ

ಬರುತ್ತದೆ. ಪಕ್ಕದ ಮಂಚದ ಹುಡುಗ ಮರುದಿನ ಇರಲಿಲ್ಲ, "ಊರಿಗೆ ಹೋದ" ಎಂದು ಎಲ್ಲರೂ ಹೇಳಿದರು, ಆದರೆ ಅವನ ಅಮ್ಮ ಅಳುತ್ತಿದ್ದದ್ದನ್ನು ಈ ಮಗು ನೋಡಿದೆ. ಖಾಲಿ ಮಂಚ, ಮೋಡದ ಮೇಲಿನ ಮನೆ, ಮುಚ್ಚಿದ ಕಣ್ಣು ಹಾಳೆಯ ಮೇಲೆ ಬಂದರೆ ಗಾಬರಿಯಿಂದ ಕಿತ್ತುಕೊಳ್ಳಬೇಡಿ, "ಛೀ, ಇಂಥದ್ದೆಲ್ಲ ಬಿಡಿಸಬಾರದು, ಬಿಡ್ತು ಅನ್ನು" ಅನ್ನಬೇಡಿ. ನಮ್ಮ ಮನೆಗಳಲ್ಲಿ ಇದು ನಾಲಗೆಯ ತುದಿಯಲ್ಲೇ ಇರುತ್ತದೆ, ಗೊತ್ತು. ಹಾಗಂದ ಕ್ಷಣದಿಂದ ಈ ಮಾತನ್ನು ದೊಡ್ಡವರ ಮುಂದೆ ಆಡಬಾರದೆಂದು ಮಗು ಕಲಿಯುತ್ತದೆ; ಯೋಚನೆ ಮಾತ್ರ ಒಳಗೇ ಉಳಿಯುತ್ತದೆ.

"ಈ ಮಂಚ ಯಾರದ್ದು?" ಎಂದು ಕೇಳಿ. "ಅವನು ಸತ್ತುಹೋದ್ನಾ?" ಎಂದು ಮಗು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. "ಹೌದು ಕಂದಾ, ಅವನಿಗೆ ಕಾಯಿಲೆ ತುಂಬಾ ಜಾಸ್ತಿ ಆಗಿತ್ತು. ನಿಂಗೆ ಏನನ್ನಿಸ್ತು?" ಇಷ್ಟು ಸಾಕು. "ನಾನೂ ಸಾಯ್ತೀನಾ?" ಬಂದರೆ ಉತ್ತರ ನಿಮಗೂ ಗೊತ್ತಿಲ್ಲದಿರಬಹುದು, ಡಾಕ್ಟರ ಹತ್ತಿರ ಕೂತು ಒಟ್ಟಿಗೆ ಮಾತಾಡೋಣ ಎಂದು ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಏನು ಹೇಳಬೇಕೆಂದು ಡಾಕ್ಟರ ಜೊತೆ ಮೊದಲೇ ಮಾತಾಡಿಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ತಡವರಿಸುವುದು ತಪ್ಪುತ್ತದೆ.

ಚಿತ್ರ ಯಾರ ಸ್ವತ್ತು?

ಮಗುವಿನದ್ದು. ಗೋಡೆಗೆ ಅಂಟಿಸುವ ಮುಂಚೆ, ಡಾಕ್ಟರಿಗೆ ತೋರಿಸುವ ಮುಂಚೆ, ಅಜ್ಜಿಗೆ ಕಳಿಸುವ ಮುಂಚೆ ಕೇಳಿ. ಹರಿದು ಹಾಕಬೇಕೆಂದರೆ ಹರಿಯಲಿ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಚಿತ್ರದ ಜೊತೆ ಮಗುವಿನ ಕಾಯಿಲೆಯೂ ಊರೆಲ್ಲ ಸುತ್ತುತ್ತದೆ, ಶಾಲೆಯ ಗೆಳೆಯರ ಮನೆಯವರಿಗೂ ತಲುಪುತ್ತದೆ. ಸಂಸ್ಥೆಗಳವರು ಕ್ಯಾಲೆಂಡರಿಗೋ ದೇಣಿಗೆಯ ಕಾರ್ಡಿಗೋ ಚಿತ್ರ ಕೇಳಿದರೆ ಹೆಸರು, ಊರು, ಕಾಯಿಲೆ ಹಾಕುತ್ತೀರಾ ಎಂದು ಮೊದಲು ವಿಚಾರಿಸಿ. ನಿಮ್ಮ ಸಹಿಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ ಮಗುವಿಗೆ ಮಾತು, ಬರಹದಂತೆಯೇ ಕಲೆಯ ಮೂಲಕವೂ ತನ್ನದನ್ನು ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಇನ್ನೊಂದು: ಮನೆಯಲ್ಲಿ ಅಕ್ಕನೋ ತಮ್ಮನೋ ಇದ್ದರೆ ಅವರಿಗೂ ಒಂದು ಹಾಳೆ ಕೊಡಿ. ಆಸ್ಪತ್ರೆಗೆ ಓಡಾಡುವ ಮನೆಯಲ್ಲಿ ಅವರನ್ನು ಏನೂ ಕೇಳುವವರೇ ಇರುವುದಿಲ್ಲ.

ಬೇರೆಯವರ ಸಹಾಯ ಯಾವಾಗ ಬೇಕು

ಒಂದು ಚಿತ್ರ ನೋಡಿ ಓಡಬೇಕಿಲ್ಲ. ಆದರೆ ವಾರಗಟ್ಟಲೆ ಅದೇ ಭಯದ ಚಿತ್ರ ಬರುತ್ತಿದ್ದು, ಜೊತೆಗೆ ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಔಷಧಿ ಬೇಡವೆಂದು ಹಟ ಹಿಡಿದಿದ್ದರೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಹೇಳಿ, ಮಕ್ಕಳ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ. ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಆ ದಿನವೇ ಹೇಳಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಯಾರೋ ಹೊಡೆದದ್ದು, ಮುಟ್ಟಬಾರದ ಕಡೆ ಮುಟ್ಟಿದ್ದು ಮಗುವಿನ ಮಾತಿನಲ್ಲಿ ಬಂದರೆ ಪದೇಪದೇ ಕೆದಕಿ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಾನು ನಂಬ್ತೀನಿ" ಅನ್ನಿ, ಅದರ ಮಾತನ್ನು ಇದ್ದ ಹಾಗೇ ಬರೆದುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾರ ಬಳಿ ಹೋದರೂ ಚಿತ್ರದ ಮೂಲ ಹಾಳೆಯನ್ನೇ ಒಯ್ಯಿರಿ. ಹಿಂದೆ ಬರೆದಿಟ್ಟ ಮಗುವಿನ ಮಾತು, ತಾರೀಖು ಅದರಲ್ಲಿರಲಿ. ನಿಮ್ಮ ವ್ಯಾಖ್ಯಾನವನ್ನು ಅವರು ಕೇಳಿದರೆ ಹೇಳಿದರಾಯಿತು.